ತವರಿಗೆ ಹೋಗುವ ಮುನ್ನ ಒಂದು ಹ್ಯಾಂಡೋವರ್

ನಮ್ಮ ಕೋಲಾರದ ಕಡೆ ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಅದರಲ್ಲಿ ಚರ್ಚೆ ಇಲ್ಲ. ಸೀಮಂತ ಮಾಡಿ, ಹಸಿರು ಬಳೆ ತೊಡಿಸಿ, ಮಡಿಲು ತುಂಬಿ ಕಾರಲ್ಲಿ ಕೂರಿಸಿದರೆ ಗಂಡನ ಮನೆಯವರ ಕೆಲಸ ಮುಗೀತು ಅನ್ನೋ ಲೆಕ್ಕ. ಅಲ್ಲಿವರೆಗೂ ಬೆಂಗಳೂರಲ್ಲಿ ಒಬ್ಬರೇ ಡಾಕ್ಟರ್, ಒಂದೇ ಫೈಲು, ವಾರಕ್ಕೊಮ್ಮೆ ಮಗು ಯಾವ ಹಣ್ಣಿನ ಗಾತ್ರ ಅಂತ ಹೇಳೋ ಆ್ಯಪ್. (ಅವಕಾಡೊ ಅಂತೆ. ಶ್ರೀನಿವಾಸಪುರದವರಿಗೆ ಬಾದಾಮಿ ಮಾವು ಅಂದಿದ್ರೆ ಸಾಕಿತ್ತು.)

ತವರಿಗೆ ಹೋದ ದಿನದಿಂದ ಇದೆಲ್ಲ ಬದಲಾಗುತ್ತೆ. ಆಫೀಸಲ್ಲಿ ಪ್ರಾಜೆಕ್ಟ್ ಕೈಬದಲಾದರೆ ಎರಡು ವಾರ ಹ್ಯಾಂಡೋವರ್ ಕೊಡ್ತೀವಿ. ಎಂಟು ತಿಂಗಳ ಗರ್ಭಿಣಿ ಊರು, ಡಾಕ್ಟರ್ ಎರಡನ್ನೂ ಬದಲಾಯಿಸುವಾಗ ಬರೀ ಬ್ಯಾಗ್ ಕೊಟ್ಟು ಕಳಿಸ್ತೀವಿ. ನನ್ನ ಹೆಂಡತಿ ಶ್ರೀನಿವಾಸಪುರಕ್ಕೆ ಹೊರಟಾಗ ನಾನು ಹೆಚ್ಚು ತಲೆ ಕೆಡಿಸಿಕೊಂಡಿದ್ದು ಈ ವಿಷಯಕ್ಕೇ.

ಮೊದಲು ತಾಯಿ ಕಾರ್ಡ್. 'ನಾವು ಪ್ರೈವೇಟ್ ಆಸ್ಪತ್ರೆಗೆ ಹೋಗೋರು, ನಮಗ್ಯಾಕೆ' ಅನ್ನೋ ಮಾತು ನನ್ನ ಟೀಮಲ್ಲೇ ಕೇಳಿದ್ದೀನಿ. ಮಾತೃವಂದನಾ ಯೋಜನೆಯ 5,000 ರೂಪಾಯಿ ನಮ್ಮಂಥ ಸಂಬಳದವರಿಗೆ ಬಹುಶಃ ಸಿಗೋದಿಲ್ಲ, ನಿಜ. ಆದರೆ ಕಾರ್ಡ್ ಇರೋದು ದುಡ್ಡಿಗೋಸ್ಕರ ಮಾತ್ರ ಅಲ್ಲ. ಬಿಪಿ, ಹಿಮೋಗ್ಲೋಬಿನ್, ರಕ್ತದ ಗುಂಪು, ಹಾಕಿಸಿದ ಚುಚ್ಚುಮದ್ದು ಎಲ್ಲ ಒಂದೇ ಕಡೆ ಇದ್ದರೆ ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರ್ ಕೇಳೋ ಪ್ರಶ್ನೆಗೆ ಅತ್ತೆ ಉತ್ತರ ಹುಡುಕಬೇಕಾಗಿಲ್ಲ. ರಕ್ತದ ಗುಂಪು ನೆಗೆಟಿವ್ ಆಗಿದ್ದರಂತೂ ಅದನ್ನ ದಪ್ಪ ಅಕ್ಷರದಲ್ಲಿ ಬರೆದಿಡಿ. ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ತಾಯಿಗೆ ಆ್ಯಂಟಿ-ಡಿ ಇಂಜೆಕ್ಷನ್ ಬೇಕು.

ಅದಕ್ಕಿಂತ ಮುಖ್ಯ, ತವರಿನ ಬೀದಿಯ ಆಶಾ ಅಕ್ಕ. ಆಸ್ಪತ್ರೆಯಲ್ಲಿ ಹೆರಿಗೆಯಾದರೂ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಬಂದು ಮಗುವಿನ ತೂಕ, ಮೈ ಬಿಸಿ, ಹೊಕ್ಕುಳು, ಹಾಲು ಕುಡಿಯೋದು ನೋಡಬೇಕು ಅಂತ ನಿಯಮ ಇದೆ. ಆದರೆ ನಿಮ್ಮ ಹೆಸರು ಇರೋದು ಬೆಂಗಳೂರಿನ ಲಿಸ್ಟಲ್ಲಿ, ಬಾಣಂತಿ ಇರೋದು ಮುಳಬಾಗಿಲಲ್ಲಿ ಅಂದ್ರೆ ಯಾರು ಬರ್ತಾರೆ? ಹೋದ ವಾರದಲ್ಲೇ ಅಂಗನವಾಡಿಗೆ ಹೋಗಿ ಹೇಳಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತೆ, 2016ರಿಂದ ನಡೀತಿದೆ. ಖಾಸಗಿ ಡಾಕ್ಟರ್ ಇದ್ದರೂ ಒಂದ್ಸಲ ಹೋಗಿ ಬಂದರೆ ಊರಲ್ಲಿ ನಿಮ್ಮ ಮುಖ ಗೊತ್ತಿರುತ್ತೆ.

ಆಶಾ ಅಕ್ಕ ಇನ್ನೊಂದು ಕೆಲಸಕ್ಕೂ ಬೇಕು. ಬಾಣಂತಿಗೆ ನೀರು ಕೊಡಬೇಡ, ಮಗು ನಾಲಿಗೆಗೆ ಜೇನುತುಪ್ಪ ಸವರು, ಇವೆಲ್ಲ ಅಳಿಯ ಬೇಡ ಅಂದ್ರೆ ಜಗಳ. 'ಅಮ್ಮ, ಆರು ತಿಂಗಳು ಎದೆಹಾಲು ಬಿಟ್ಟು ಏನೂ ಬೇಡ' ಅಂತ ಅದೇ ಬೀದಿಯ ಹೆಣ್ಣುಮಗಳು ತೆಲುಗಲ್ಲೋ ಕನ್ನಡದಲ್ಲೋ ಹೇಳಿದರೆ ಅತ್ತೆ ಒಪ್ತಾರೆ.

ಇನ್ನು ಗಾಡಿ. ಶ್ರೀನಿವಾಸಪುರ, ಮುಳಬಾಗಿಲಿನ ತಾಲ್ಲೂಕು ಆಸ್ಪತ್ರೆಯಲ್ಲಿ ಆಗಲ್ಲ ಅಂದ್ರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ ಓಡಬೇಕು. ಮಾಲೂರಿನವರು ಬೆಂಗಳೂರು ಹತ್ತಿರ ಅಂತಾರೆ, ಸಂಜೆ ಹೊಸಕೋಟೆ ರಸ್ತೆಯಲ್ಲಿ ಒಮ್ಮೆ ಸಿಕ್ಕಿಹಾಕಿಕೊಂಡು ನೋಡಲಿ. 108 ಉಚಿತ, ಸರಿ. ಅದರ ಜೊತೆಗೆ ರಾತ್ರಿ ಕರೆದರೆ ಬರೋ ಒಬ್ಬ ಡ್ರೈವರನ್ನೂ ಈಗಲೇ ಮಾತಾಡಿಡಿ. ರಕ್ತಸ್ರಾವ, ನೀರು ಹೋಗೋದು, ಬಿಡದ ತಲೆನೋವು, ಕಣ್ಣು ಮಂಜು, ಮುಖ ಊದೋದು, ಮಗು ಅಲುಗಾಟ ಕಮ್ಮಿ ಆಗೋದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯೋದು ಬೇಡ.

ಹೆರಿಗೆ ರಜೆ 26 ವಾರ, 2017ರ ತಿದ್ದುಪಡಿಯಿಂದ. ಅದರಲ್ಲಿ 8 ವಾರದವರೆಗೆ ಮೊದಲೇ ತಗೋಬಹುದು. ಗಂಡನಿಗೆ ನಮ್ಮ ಕಂಪನಿಗಳು ಕೊಡೋ ರಜೆಯನ್ನ ನಾಮಕರಣಕ್ಕೆ ಉಳಿಸೋರು ಜಾಸ್ತಿ. ನಾನು ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಕ್ಕೇ ಹಾಕಿದ್ದೀನಿ. ಆಮೇಲೆ ಅವಳು ಸುಮ್ಮಸುಮ್ಮನೆ ಅಳ್ತಾಳೆ, ನಿದ್ದೆ ಇಲ್ಲ, ಮಗು ಮುಟ್ಟೋಕೂ ಬೇಜಾರು ಅನ್ನೋದು ಎರಡು ವಾರ ದಾಟಿದರೆ 'ಬಾಣಂತಿ ಅಂದ್ರೆ ಹಾಗೇ' ಅಂತ ಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ದಿನದ ಯಾವ ಹೊತ್ತಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಆ ನಂಬರನ್ನ ಅವಳ ಫೋನಲ್ಲಲ್ಲ, ಅತ್ತೆಯ ಫೋನಲ್ಲಿ ಸೇವ್ ಮಾಡಿ.