ಎಸೆಯೋದು ಪಾಪಾನಾ?

ಹಬ್ಬ ಬಂತಂದ್ರೆ ಹೊಸಪೇಟೆಯ ನಮ್ಮನೇಲಿ ಅಡುಗೆಮನೆ ಡಬ್ಬಿಗಳೆಲ್ಲ ಕೆಳಗಿಳಿಯುತ್ವೆ. ಆಗ ಸಿಗೋದು ನೋಡಿ... ತಾರೀಖು ಮುಗಿದ ನೂಡಲ್ಸ್, ಗಂಟುಗಟ್ಟಿದ ಮಸಾಲೆ, ಬೂಷ್ಟು ಹಿಡಿದ ಶೇಂಗಾ. ಅಮ್ಮನದು ಒಂದೇ ಮಾತು: "ಅನ್ನ ಎಸೀಬಾರ್ದು. ಕೆಲಸದಾಕಿಗೆ ಕೊಡು, ಇಲ್ಲಾ ಎಮ್ಮಿಗೆ ಹಾಕು."

ಅಮ್ಮನ ಅನುಭವ ಸುಳ್ಳಲ್ಲ. ಕಂಪ್ಲಿ ಕಡೆಯ ಅಕ್ಕಿ ಹಳೇದಾದಷ್ಟೂ ಅನ್ನ ಉದುರುದುರಾಗುತ್ತೆ. 'ಬೆಸ್ಟ್ ಬಿಫೋರ್' ಅನ್ನೋದು ರುಚಿ, ಗುಣಮಟ್ಟದ ಗಡುವು. ಮರುದಿನವೇ ಅದು ವಿಷ ಆಗಲ್ಲ. 'ಯೂಸ್ ಬೈ' ಅಂತಿದ್ರೆ ಮಾತ್ರ ಸುರಕ್ಷತೆಯ ಗಡುವು, ದಾಟಿದ್ರೆ ತಿನ್ನಬಾರದು.

ಆದ್ರೆ ಶೇಂಗಾ ಕಥೆ ಬೇರೆ. ಬೂಷ್ಟಿನಿಂದ ಅದರಲ್ಲಿ ಅಫ್ಲಾಟಾಕ್ಸಿನ್ ಸೇರಿರಬಹುದು, ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗೋ ವಿಷ. ಹುರಿದು ಚಟ್ನಿಪುಡಿ ಮಾಡಿದ್ರೂ ಪೂರ್ತಿ ಹೋಗಲ್ಲ. ಎಮ್ಮೆ ತಿಂದ್ರೆ ಅದರ ಒಂದಂಶ ರೂಪ ಬದಲಿಸಿ ಹಾಲಿಗಿಳಿಯುತ್ತೆ, ಕಾಯಿಸಿದ್ರೂ ಉಳಿಯುತ್ತೆ. ಅಂದ್ರೆ ನಾವು 'ಪುಣ್ಯ' ಅಂತ ಹಾಕಿದ್ದು ನಾಳೆ ಯಾರದೋ ಮನೆ ಮಗುವಿನ ಲೋಟಕ್ಕೆ!

ಕೆಲಸದಾಕೆಗೆ ಕೊಡೋದಂತೂ ನನಗೆ ಸ್ವಲ್ಪವೂ ಹಿಡಿಸಲ್ಲ. ನಮ್ಮ ಮಕ್ಕಳಿಗೆ ಆಗದ್ದು ಆಕೆಯ ಮಕ್ಕಳಿಗೆ ಹೇಗೆ ಆಗುತ್ತೆ? ಬೇಡ ಅನ್ನೋಕೂ ಆಕೆಗೆ ಸಂಕೋಚ. ಕೊಡೋ ಮನಸ್ಸಿದ್ರೆ ತಾರೀಖು ಮುಗಿಯೋ ಮೊದಲೇ ಕೊಡೋಣ. ಬೂಷ್ಟು ಬಂದದ್ದನ್ನ ಧೈರ್ಯವಾಗಿ ಎಸೆಯೋಣ, ಮುಂದಿನ ಸಲ ಅರ್ಧ ಕೆಜಿ ಕಮ್ಮಿ ತರೋಣ.

ನಿಮ್ಮನೇಲಿ ಹೆಂಗೆ?