ಊರಿನ ಕ್ಯಾಸೆಟ್ಟುಗಳೂ ಎಂಪಿ-3 ಎಂಬ ಮಿತವ್ಯಯವೂ

ಚೆನ್ನೈಯಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ, ವಿಶೇಷವಾಗಿ ಕುಂದಾಪುರ, ಉಡುಪಿ ಕಡೆಗಳಿಂದ ಹೋಟೆಲ್ ಕೆಲಸಕ್ಕೆಂದು ಬಂದವರ ಮನೆಗಳಲ್ಲಿ, ಟ್ರಂಕಿನ ಅಡಿಯಲ್ಲೋ ಅಟ್ಟದ ಮೇಲೋ ಒಂದು ಕಟ್ಟು ಕ್ಯಾಸೆಟ್ಟುಗಳು ಇಲ್ಲದಿರುವುದು ಅಪರೂಪ. ರಾತ್ರಿಯಿಡೀ ನಡೆದ ಬಯಲಾಟ, ಸಂಘದ ವಾರ್ಷಿಕೋತ್ಸವದ ತಾಳಮದ್ದಳೆ, ಮದುವೆಯಲ್ಲಿ ಹೆಂಗಸರು ಹೇಳಿದ ಶೋಭಾನೆ, ತೀರಿಹೋದ ತಾಯಿಯ ದೇವರನಾಮ, ಇವೆಲ್ಲವೂ ಆ ಕಂದು ಪಟ್ಟಿಯ ಮೇಲೆ ಕುಳಿತಿವೆ. ಟೇಪ್ ರೆಕಾರ್ಡರನ್ನು ರಿಪೇರಿ ಮಾಡುವವರು ಸಿಕ್ಕುವುದೇ ದುರ್ಲಭವಾಗಿರುವ ಈ ದಿನಗಳಲ್ಲಿ, ಇವನ್ನು ಕಂಪ್ಯೂಟರಿಗೆ ಏರಿಸುವ ಕಾರ್ಯಕ್ಕೆ ಅನೇಕರು ಕೈಹಚ್ಚಿದ್ದಾರೆ. ಸಂತೋಷದ ಸಂಗತಿಯೇ ಸರಿ. ಆದರೆ ಯಾವ ರೂಪದಲ್ಲಿ ಏರಿಸಬೇಕೆಂದು ಕೇಳಿದರೆ ಅಂಗಡಿಯವರಿಂದ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ಎಂಪಿ-3 ಮಾಡಿಕೊಡುತ್ತೇವೆ ಸಾರ್, ಜಾಗ ಕಡಿಮೆ ಸಾಕು." ಈ ಮಾತನ್ನು ನಂಬಿ ಮೂಲದ ಕ್ಯಾಸೆಟ್ಟನ್ನು ಗುಜರಿಗೆ ಹಾಕುವುದು ಸರ್ವಥಾ ಕೂಡದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್ಟುಗಳ ಅಂಕೆಯಾಗಿ, ಎಡಕಿವಿಗೊಂದು ಬಲಕಿವಿಗೊಂದು ಎಂಬಂತೆ ಎರಡು ಸಾಲಿನಲ್ಲಿ ಬರೆದಿಡುತ್ತಾರೆ. ಈ ಲೆಕ್ಕಕ್ಕೆ ನಿಮಿಷವೊಂದಕ್ಕೆ ಸುಮಾರು 10 ಎಂಬಿ ಜಾಗ ಬೇಕು. ಅಂಕೆಗಳನ್ನು ಇದ್ದದ್ದು ಇದ್ದಂತೆ ಇಡುವ ಫೈಲಿಗೆ ವೇವ್ ಎಂದು ಹೆಸರು. ಎಂಪಿ-3ಯ ದಾರಿ ಬೇರೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಮೊದಲಾದವರು ಬಹುಕಾಲ ಶ್ರಮಿಸಿ ರೂಪಿಸಿದ ಈ ವಿಧಾನಕ್ಕೆ 1995ರಲ್ಲಿ ಈ ಹೆಸರು ನಿಂತಿತು. ಇದರ ಗುಟ್ಟು ನಮ್ಮ ಅಡಿಗೆಮನೆಯವರಿಗೆ ಸುಲಭವಾಗಿ ತಿಳಿಯುವಂಥದು. ಹಿಟ್ಟು ರುಬ್ಬುವ ಯಂತ್ರ ತಿರುಗುತ್ತಿರುವಾಗ ಪಕ್ಕದಲ್ಲಿ ಚಮಚ ಬಿದ್ದರೆ ಯಾರ ಕಿವಿಗೂ ಬೀಳದು. ಕೇಳಿಸದ ಚಮಚದ ಸದ್ದಿಗೆ ಜಾಗವೇಕೆ ಎಂದು ಎಂಪಿ-3 ಅದನ್ನು ಬಿಟ್ಟುಬಿಡುತ್ತದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಹಿಡಿಯುವ ಸಂಗೀತ ಹೀಗೆ 128 ಕಿಲೋಬಿಟ್ಟಿಗೆ, ಎಂದರೆ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಇವೆರಡರ ನಡುವೆ ಮೂರನೆಯದೊಂದು ಉಂಟು. 2001ರಲ್ಲಿ ಹೊರಬಂದ ಫ್ಲಾಕ್ ಎಂಬುದು ಪಂಚೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಂತೆ. ಜಾಗ ಅರ್ಧದಿಂದ ಮೂರರಲ್ಲೆರಡು ಪಾಲಿಗೆ ಇಳಿದರೂ, ಬಿಡಿಸಿದಾಗ ಒಂದು ಎಳೆಯೂ ಕಡಿಮೆಯಾಗಿರದು. ಬೆಲೆಯಿಲ್ಲದೆ ಸಿಕ್ಕುವ ಈ ಸೌಕರ್ಯದ ಹೆಸರನ್ನೇ ಅನೇಕ ಅಂಗಡಿಯವರು ಎತ್ತುವುದಿಲ್ಲ.

ಹಾಗಾದರೆ ಎಂಪಿ-3 ಕೆಟ್ಟದ್ದೇ? ನಾವು ಹಾಗೆ ಹೇಳುವವರಲ್ಲ. ಬೆಳಗಿನ ಪಾಳಿಗೆ ಎದ್ದು ಸುಪ್ರಭಾತ ಕೇಳುವುದಕ್ಕೂ, ಗಲ್ಲಾಪೆಟ್ಟಿಗೆಯ ಹಿಂದೆ ಸಣ್ಣ ದನಿಯಲ್ಲಿ ಸಿನೆಮಾ ಹಾಡು ಹಾಕಿಕೊಳ್ಳುವುದಕ್ಕೂ ಅದು ಧಾರಾಳ ಸಾಕು. 256 ಅಥವಾ 320 ಕಿಲೋಬಿಟ್ಟಿನ ಎಂಪಿ-3ಯನ್ನೂ ಸಿ.ಡಿ.ಯನ್ನೂ ಯಾವುದು ಯಾವುದೆಂದು ಹೇಳದೆ ಕೇಳಿಸಿದರೆ ಬಹುಮಂದಿಗೆ ಭೇದ ತಿಳಿಯದು. ಕಿವಿಗೆ ತಂತಿಯಿಲ್ಲದ ಬ್ಲೂಟೂತ್ ಸಿಕ್ಕಿಸಿಕೊಂಡು, ಕುಗ್ಗಿಸದ ಸಂಗೀತವೇ ಬೇಕೆಂದು ಹೆಚ್ಚು ಹಣ ತೆರುವವರನ್ನು ಕಂಡರೆ ನಮಗೆ ನಗು ಬರುತ್ತದೆ; ಸಾಮಾನ್ಯ ಬ್ಲೂಟೂತ್ ತಾನೇ ಧ್ವನಿಯನ್ನು ಮತ್ತೊಮ್ಮೆ ಕುಗ್ಗಿಸಿ ಕಳುಹಿಸುತ್ತದೆ. ಇನ್ನು ಪಿ. ಬಿ. ಶ್ರೀನಿವಾಸರ ಹಾಡುಗಳು. ಡ್ರೈವ್-ಇನ್ ವುಡ್‌ಲ್ಯಾಂಡ್ಸಿನಲ್ಲಿ ದುಡಿದ ಹಿರಿಯರಿಗೆ, ಅದು 2008ರಲ್ಲಿ ಮುಚ್ಚುವವರೆಗೆ, ಜೇಬು ತುಂಬ ಪೆನ್ನುಗಳನ್ನಿಟ್ಟುಕೊಂಡು ಬಂದು ಕೂಡುತ್ತಿದ್ದ ಆ ಗಾಯಕರ ನೆನಪು ಇದ್ದೇ ಇರುತ್ತದೆ. ಅವರ ಚಿತ್ರಗೀತೆಗಳನ್ನು ನಮ್ಮ ಫೋನಿನಲ್ಲಿ ಎಷ್ಟು ಕುಗ್ಗಿಸಿದರೂ ಲೋಕಕ್ಕೆ ನಷ್ಟವಿಲ್ಲ. ಇನ್ನೂ ಒಳ್ಳೆಯ ಪ್ರತಿ ಬೇಕಾದರೆ ಕಂಪೆನಿಯವರಿಂದ ಕೊಳ್ಳಬಹುದು.

ತಾಯಿಯ ದೇವರನಾಮಕ್ಕೆ ಅಂಥ ಕಂಪೆನಿ ಎಲ್ಲಿದೆ?

ಇಲ್ಲಿಯೇ ಎಂಪಿ-3ಯ ಮಿತವ್ಯಯ ನಮಗೆ ದುಬಾರಿಯಾಗುವುದು. ಮನೆಯ ಕ್ಯಾಸೆಟ್ಟಿನಲ್ಲಿ ಹಾಡಿನ ಜೊತೆಗೆ ಫ್ಯಾನಿನ ಗೊರಗೊರ, ಪಟ್ಟಿಯ ಸುಂಯ್ ಎಂಬ ಸದ್ದು, ಮಗುವಿನ ಅಳು ಎಲ್ಲ ಸೇರಿರುತ್ತದೆ. ಆ ಗದ್ದಲವನ್ನು ಬೇರ್ಪಡಿಸಿ ಕಂಠವನ್ನು ಎತ್ತಿಕೊಡುವ ವಿದ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಆದರೆ ಎಂಪಿ-3 ಯಾವುದನ್ನು ಬಿಸಾಡಬೇಕೆಂದು ಲೆಕ್ಕ ಹಾಕುವುದು ಗದ್ದಲವನ್ನೂ ಸೇರಿಸಿಕೊಂಡೇ. ರುಬ್ಬುವ ಯಂತ್ರವನ್ನು ನಾಳೆ ನಿಲ್ಲಿಸಿ, ಚಮಚದ ಸದ್ದನ್ನು ಕೇಳೋಣವೆಂದರೆ ಅದು ಅಲ್ಲಿರುವುದೇ ಇಲ್ಲ; ಅದರ ಜಾಗದಲ್ಲಿ ಒಂದು ಬಗೆಯ ಗುಳುಗುಳು ಕೇಳಿಸುತ್ತದೆ.

ಬಯಲಾಟದ ಧ್ವನಿಗೆ ಮತ್ತೊಂದು ಕಷ್ಟ. ಚೆಂಡೆಯ ಪೆಟ್ಟಿನಂತೆ ಥಟ್ಟನೆ ಎದ್ದು ಥಟ್ಟನೆ ಅಡಗುವ ಸದ್ದು ಎಂಪಿ-3ಗೆ ಸುಲಭವಾಗಿ ದಕ್ಕುವಂಥದಲ್ಲ. 64 ಅಥವಾ 96 ಕಿಲೋಬಿಟ್ಟಿಗೆ ಹಿಂಡಿದಾಗ, ಪೆಟ್ಟು ಬೀಳುವುದಕ್ಕೆ ಮೊದಲೇ ಅದರ ಮಸುಕು ನೆರಳು ಕೇಳಿಸುತ್ತದೆ, ತಾಳದ ಕಿಣಿಕಿಣಿ ಮರಳಿನಂತಾಗುತ್ತದೆ. ಕಾಳಿಂಗ ನಾವಡರು 1990ರಲ್ಲಿ, ಇನ್ನೂ 32 ತುಂಬುವ ಮೊದಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆ ಭಾಗವತಿಕೆಯನ್ನು ರಂಗಸ್ಥಳದ ಮುಂದೆ ಕುಳಿತು ಕೇಳುವ ಭಾಗ್ಯವಿಲ್ಲದವರಿಗೆ ಬಹುಮಟ್ಟಿಗೆ ಕ್ಯಾಸೆಟ್ಟುಗಳೇ ಗತಿ. ಆಟಕ್ಕೆ ಹೋಗಿ ಯಾರೋ ಒಬ್ಬರು ತಾವೇ ಟೇಪು ಮಾಡಿಕೊಂಡ ಒಂದು ರಾತ್ರಿಯ ಹಾಡುಗಾರಿಕೆ ನಿಮ್ಮ ಟ್ರಂಕಿನಲ್ಲಿದ್ದರೆ, ಅದಕ್ಕೆ ಎರಡನೆಯ ಪ್ರತಿ ಜಗತ್ತಿನಲ್ಲಿ ಎಲ್ಲಿಯೂ ಇಲ್ಲದಿರಬಹುದು.

ಈ ನಗರದ್ದೇ ಒಂದು ನಿದರ್ಶನ. ವೀಣೆ ಧನಮ್ಮಾಳ್ ಅವರ ಮನೆಯಲ್ಲಿ ಶುಕ್ರವಾರದ ಸಂಜೆಗಳಲ್ಲಿ ನಡೆಯುತ್ತಿದ್ದ ವಾದನವನ್ನು ಕೇಳಲು ದೊಡ್ಡ ದೊಡ್ಡ ವಿದ್ವಾಂಸರೇ ಬಂದು ಕೂಡುತ್ತಿದ್ದರು. 1930ರ ದಶಕದಲ್ಲಿ ಕೊಲಂಬಿಯಾ ಕಂಪೆನಿ ಅದನ್ನು ಧ್ವನಿಮುದ್ರಿಸಿತಾದರೂ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ ಮಾತ್ರ. ತಾಸುಗಟ್ಟಲೆ ಹರಿಯುತ್ತಿದ್ದ ರಾಗವನ್ನು ಅಷ್ಟರೊಳಗೆ ಮಡಚಬೇಕಾಯಿತು. ಅಂದು ಬೇರೆ ಯಂತ್ರವಿರಲಿಲ್ಲ, ಅನಿವಾರ್ಯ. ಇಂದು ನಮಗೆ ಯಾವ ಅನಿವಾರ್ಯ?

ಖರ್ಚಿನ ಲೆಕ್ಕವನ್ನೇ ನೋಡೋಣ. 60 ನಿಮಿಷದ ಒಂದು ಕ್ಯಾಸೆಟ್ಟು ಸಿ.ಡಿ. ಮಟ್ಟದ ವೇವ್ ರೂಪದಲ್ಲಿ ಸುಮಾರು 635 ಎಂಬಿ, 128 ಕಿಲೋಬಿಟ್ಟಿನ ಎಂಪಿ-3ಯಲ್ಲಿ ಸುಮಾರು 58 ಎಂಬಿ. ಅಂತರ ದೊಡ್ಡದೇ. ಆದರೆ ಅಂಥ ನೂರು ಕ್ಯಾಸೆಟ್ಟುಗಳನ್ನು ಕುಗ್ಗಿಸದೆ ಇಟ್ಟರೂ 64 ಜಿಬಿಗೆ ಮೀರದು. 128 ಜಿಬಿಯ ಪೆನ್‌ಡ್ರೈವಿನಲ್ಲಿ ಅರ್ಧ ಜಾಗ ಖಾಲಿ ಉಳಿಯುತ್ತದೆ. ದಿನಕ್ಕೊಂದು ಹೋಟೆಲ್ ಕಾಫಿಯಂತೆ ಒಂದು ತಿಂಗಳಿಗೆ ಆಗುವ ಖರ್ಚಿನ ಆಸುಪಾಸಿನಲ್ಲಿ ಮುಗಿಯುವ ಬಾಬಿದು. ಧ್ವನಿಭಂಡಾರಗಳ ಅಂತಾರಾಷ್ಟ್ರೀಯ ಸಂಘದವರು ಸಿ.ಡಿ.ಗಿಂತಲೂ ಸೂಕ್ಷ್ಮವಾಗಿ, ಕನಿಷ್ಠ ಸೆಕೆಂಡಿಗೆ 48,000 ಬಾರಿ, 24 ಬಿಟ್ಟುಗಳಲ್ಲಿ ಅಳೆಯಬೇಕೆಂದು ಹೇಳುತ್ತಾರೆ. ಅಂಗಡಿಯವರಿಗೆ ಅದು ಸಾಧ್ಯವಾದರೆ ಹಾಗೆಯೇ ಕೇಳಿ. ಸಾಧ್ಯವಾಗದಿದ್ದರೆ ಸಿ.ಡಿ. ಮಟ್ಟಕ್ಕಿಂತ ಕೆಳಗೆ ಒಪ್ಪಬೇಡಿ.

ಒಂದು ಮೋಸದ ಬಗ್ಗೆಯೂ ಎಚ್ಚರಿಕೆ ಅಗತ್ಯ. ಮೊದಲು ಎಂಪಿ-3 ಮಾಡಿ, ಗಿರಾಕಿ ಕೇಳಿದನೆಂದು ಅದನ್ನೇ ವೇವ್ ಆಗಿ ತಿರುಗಿಸಿ ಕೊಡುವವರಿದ್ದಾರೆ. ಫೈಲು ದಪ್ಪವಾಗುತ್ತದೆ, ಹೋದದ್ದು ಬರುವುದಿಲ್ಲ. ಸಾಂಬಾರಿಗೆ ನೀರು ಹೊಯ್ದು ಕೊಳಗ ತುಂಬಿಸುವ ಈ ಕ್ರಮವನ್ನು ನಮ್ಮ ಕಸುಬಿನವರಿಗೆ ವಿವರಿಸಬೇಕಾಗಿಲ್ಲ. ಟೇಪ್ ರೆಕಾರ್ಡರಿನ ಮುಂದೆ ಫೋನು ಹಿಡಿದು, ವಾಟ್ಸಾಪಿನ ಮೈಕು ಒತ್ತಿ ಊರಿಗೆ ಕಳುಹಿಸುವುದು ಇನ್ನೂ ಕೀಳು. ರೆಕಾರ್ಡರಿನಿಂದ ಕಂಪ್ಯೂಟರಿಗೆ ತಂತಿಯನ್ನೇ ಜೋಡಿಸಬೇಕು, ಅದಕ್ಕೆ ಮೊದಲು ರೆಕಾರ್ಡರಿನ ಹೆಡ್ಡನ್ನು ಒರೆಸಬೇಕು. ವಾಟ್ಸಾಪಿನಲ್ಲೇ ಕಳುಹಿಸಬೇಕಾದರೆ ಡಾಕ್ಯುಮೆಂಟ್ ಎಂಬ ಬಾಗಿಲಿನಿಂದ ಕಳುಹಿಸಿದರೆ ಫೈಲು ಇದ್ದಂತೆ ಹೋಗುತ್ತದೆ.

2015ರ ಡಿಸೆಂಬರಿನಲ್ಲಿಯೂ 2023ರ ಡಿಸೆಂಬರಿನಲ್ಲಿಯೂ ಈ ನಗರದ ತಗ್ಗು ಬಡಾವಣೆಗಳ ಮನೆಗಳೊಳಗೆ ನೀರು ನುಗ್ಗಿದಾಗ ಏನೇನು ಹಾಳಾಯಿತೆಂಬುದನ್ನು ಓದುಗರು ಬಲ್ಲರು. ನೀರು ಬಾರದಿದ್ದರೂ ಇಲ್ಲಿಯ ಕಡಲ ಗಾಳಿಗೆ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ಆದುದರಿಂದ ಕುಗ್ಗಿಸದ ಪ್ರತಿಯೊಂದು ಇಲ್ಲಿಯೂ, ಮತ್ತೊಂದು ಊರಿನ ಮನೆಯಲ್ಲಿಯೂ ಇರಲಿ. ಕೇಳುವುದಕ್ಕೆ ಅದರಿಂದ ಎಷ್ಟು ಎಂಪಿ-3 ಬೇಕಾದರೂ ಮಾಡಿಕೊಳ್ಳಿ.

ನಗರದ ಕನ್ನಡ ಸಂಘಗಳವರಲ್ಲಿ ನಮ್ಮದೊಂದು ವಿಜ್ಞಾಪನೆ. ವರ್ಷಕ್ಕೊಂದು ಸನ್ಮಾನದ ಶಾಲು ಕಡಿಮೆ ಮಾಡಿಯಾದರೂ, ಕೆಲಸ ಮಾಡುವ ಒಂದು ಟೇಪ್ ರೆಕಾರ್ಡರು, ಒಂದು ಕಂಪ್ಯೂಟರು, ಇದನ್ನು ತಿಳಿದ ಒಬ್ಬ ಹುಡುಗ, ಇಷ್ಟನ್ನು ಭಾನುವಾರಗಳಂದು ಒದಗಿಸಿಕೊಡಲಿ. ರಜೆ ಸಿಕ್ಕದ ಹೋಟೆಲ್ ಕೆಲಸಗಾರರ ಸಲುವಾಗಿ ಮಧ್ಯಾಹ್ನದ ಊಟದ ಗಿರಾಕಿ ಕರಗಿದ ಮೇಲೆ, ಮೂರರಿಂದ ಐದರವರೆಗೆ ಬಾಗಿಲು ತೆರೆದಿದ್ದರೆ ಅನುಕೂಲ.