ಕಡ್ಡಿಪುಡಿಯೂ ಕೂಲಿಯವಳ ಹೊಟ್ಟೆಯೂ

ಬಾಯಿ ಕ್ಯಾನ್ಸರ್ ಎಂದೊಡನೆ ‘ಚಟ ಬಿಡಬೇಕಿತ್ತು’ ಎಂದು ತೀರ್ಪು ಕೊಡುವವರಿಗೆ ಊರಲ್ಲಿ ಬರವಿಲ್ಲ. ಬರಿಹೊಟ್ಟೆಯಲ್ಲಿ ನಾಟಿಗೆ ಗದ್ದೆಗಿಳಿಯುವ ಹೆಂಗಸಿಗೆ ಮಧ್ಯಾಹ್ನದ ಮುದ್ದೆಯ ತನಕ ಹಸಿವು ಅಡಗಿಸುವುದು ಎಲೆ, ಅಡಿಕೆ, ಚೂರು ಕಡ್ಡಿಪುಡಿ. ಸಂಘದ ಸಾಲದ ಕಂತು, ಕುಡುಕ ಗಂಡ, ಮಗಳ ಮದುವೆ. ಈ ಚಿಂತೆಗಳೇ ನೇರವಾಗಿ ಕ್ಯಾನ್ಸರ್ ತರುತ್ತವೆನ್ನಲು ಗಟ್ಟಿ ಪುರಾವೆ ಇಲ್ಲ. ಆದರೆ ದವಡೆಗೆ ಹೊಗೆಸೊಪ್ಪು ಒತ್ತಿಸುವುದು ಅವೇ ತಾನೇ? ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಸಾರಿದೆ. (ಮಂಡಿಯವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.)

ಬಾಯೊಳಗೆ ಬಿಳಿ ಮಚ್ಚೆ ಏಳುತ್ತದೆ. ಖಾರ ತಗುಲಿದರೆ ಉರಿ, ಇಲ್ಲದಿದ್ದರೆ ನೋವಿಲ್ಲ. ‘ಇರ್ಲಿ ಬಿಡು’ ಅಂತಾಳೆ. ಆಸ್ಪತ್ರೆಗೆ ಹೋದರೆ ದಿನದ ಕೂಲಿ ಖೋತಾ. ಬೆಂಗಳೂರಿನ ಕಿದ್ವಾಯಿಗೆ ಚೀಟಿ ಬರೆಸುವ ಹೊತ್ತಿಗೆ ಬಾಯಿ ಅಗಲಿಸಲಿಕ್ಕೇ ಆಗದು. ಉಳ್ಳವರ ಮನೆಯಾಕೆಗೆ ಅದೇ ಮಚ್ಚೆ ಎದ್ದಿದ್ದರೆ ವಾರದೊಳಗೆ ದಂತವೈದ್ಯರು ನೋಡಿರುತ್ತಿದ್ದರು.

ಇದಕ್ಕೇನು ದೊಡ್ಡ ಯಂತ್ರ ಬೇಕಿಲ್ಲ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕು ಹಿಡಿದು ಬಾಯಿ ನೋಡಿದರು. ತಂಬಾಕು, ಹೆಂಡದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತೆಂದು 2005ರಲ್ಲಿ ವರದಿಯಾಯಿತು.

30 ದಾಟಿದವರ ಬಾಯಿ ನೋಡಬೇಕೆಂದು ಇಲ್ಲಿಯೂ ಸರ್ಕಾರಿ ಕಾಗದದಲ್ಲಿದೆ. ಶಿಬಿರ ಮಾತ್ರ ಹಗಲು ಹನ್ನೊಂದಕ್ಕೆ! ಆಗ ಅವಳು ಗದ್ದೆಯಲ್ಲಿರುತ್ತಾಳೆ. ಸಂಜೆ ಆರರ ಮೇಲೆ ಕೇರಿಗೆ ಟಾರ್ಚು ಹಿಡಿದು ಬರೋಕೆ ಆರೋಗ್ಯ ಇಲಾಖೆಗೆ ಏನಡ್ಡಿ ಸ್ವಾಮಿ? ಆ ಹೊತ್ತಿನ ಕೆಲಸಕ್ಕೆ ಆಶಾ ಕಾರ್ಯಕರ್ತೆಯರಿಗೆ ಬೇರೆ ದುಡ್ಡು ಕೊಡಲಿ.